ತುಸ್ತ್ಲಾದಲ್ಲೊಂದು ಮರಿಂಬಾ ಸಂಜೆ

ಸಾನ್ ಕ್ರಿಸ್ತೊಬಾಲ್‌ನ ಚಳಿಯಿಂದ ಒಂದು ತಾಸು ಘಾಟಿ ಇಳಿದರೆ ತುಸ್ತ್ಲಾ ಗುತಿಯೆರೆಸ್‌ನ ಸೆಕೆ. ಮೆಕ್ಸಿಕೊದ ದಕ್ಷಿಣದ ಚಿಯಾಪಾಸ್ ರಾಜ್ಯಕ್ಕೆ ಇದೇ ರಾಜಧಾನಿ. ಪ್ರವಾಸಿಗರು ಸುಮಿದೇರೊ ಕಣಿವೆಯಲ್ಲಿ ದೋಣಿ ಸುತ್ತಿ ಹೊರಟುಬಿಡುತ್ತಾರೆ. ನನ್ನ ಕೇಳಿದರೆ ಸಂಜೆವರೆಗೂ ಉಳಿಯಬೇಕು. ಮರಿಂಬಾ ಅಂದರೆ ಮರದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯ. 1993ರಲ್ಲಿ ತೆರೆದ ಮರಿಂಬಾ ಉದ್ಯಾನದಲ್ಲಿ ಸಂಜೆಯ ಕಛೇರಿಗೆ ಟಿಕೆಟ್ಟೇ ಇಲ್ಲ.

ಮಂಟಪದಲ್ಲಿ ಎರಡು ಮರಿಂಬಾ. ದೊಡ್ಡದಕ್ಕೆ ನಾಲ್ವರು, ಚಿಕ್ಕದಕ್ಕೆ ಮೂವರು, ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ಹಿಂದೆ ಡ್ರಮ್ಸ್, ಡಬಲ್ ಬಾಸ್, ಸ್ಯಾಕ್ಸೊಫೋನ್. ಶುರುವಾದದ್ದು ಯುರೋಪಿನ ಶಾಸ್ತ್ರೀಯ ಸಂಯೋಜಕ ಸ್ಟ್ರಾಸ್‌ನ ವಾಲ್ಟ್ಜ್ ಎಂಬ ನೃತ್ಯಸಂಗೀತದಿಂದ. ಪ್ರತಿ ಸ್ವರದ ಬೆನ್ನಿಗೂ ಒಂದು ಝೇಂಕಾರ. ಹೊಸಬರಿಗೆ ಮೈಕು ಕೆಟ್ಟಿದೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ವಿರಾಮದಲ್ಲಿ ವಾದಕರೊಬ್ಬರು ಕೆಳಗೆ ಬಗ್ಗಿ ನೋಡಲು ಹೇಳಿದರು. ಪ್ರತಿ ಪಟ್ಟಿಯ ಅಡಿಯಲ್ಲೂ ಮರದ ಕೊಳವೆ, ಅದರ ತುದಿಯ ಹತ್ತಿರ ಸಣ್ಣ ತೂತು, ಸುತ್ತ ಜೇನುಮೇಣದ ಉಂಗುರ, ಅದರ ಮೇಲೆ ಹಂದಿ ಕರುಳಿನ ತೆಳು ಪೊರೆ. ಪಟ್ಟಿಗೆ ಪೆಟ್ಟು ಬಿದ್ದರೆ ಪೊರೆ ಅದುರುತ್ತದೆ, ಆ ಝೇಂಕಾರ ಅದರದೇ. ನಮ್ಮಲ್ಲಿ ತಂಬೂರಿಗೆ ದಾರ ಸಿಕ್ಕಿಸಿ ಜೀವಾಳಿ ಕೊಡುತ್ತಾರಲ್ಲ, ಅದೇ ಆಸೆ. ಒಂದು ಪೊರೆ ಹರಿದಿತ್ತು. ಮಾತಾಡುತ್ತಲೇ ಅವರು ಮೇಣವನ್ನು ಹೆಬ್ಬೆರಳಲ್ಲಿ ಒತ್ತಿ ಮೆತ್ತಗೆ ಮಾಡಿ ಹೊಸದನ್ನು ಅಂಟಿಸಿದರು.

ಪಿಯಾನೊದ ಹಾಗೆ ಎರಡು ಸಾಲು ಪಟ್ಟಿ ಜೋಡಿಸಿದವರು ಯಾರು ಎಂಬುದಕ್ಕೆ ಮಾತ್ರ ಜಗಳವಿದೆ. ಇಲ್ಲಿಯವರು 1897ರ ಕೊರಾಸೊನ್ ಬೊರ್ರಾಸ್ ಅನ್ನುತ್ತಾರೆ. ಗಡಿಯಾಚೆಯ ಗ್ವಾಟೆಮಾಲದವರು ಸೆಬಾಸ್ತಿಯಾನ್ ಉರ್ತಾದೊ ಅನ್ನುತ್ತಾರೆ. ಅವರಿಗೆ 1978ರಿಂದ ಇದು ರಾಷ್ಟ್ರೀಯ ವಾದ್ಯ, ಬಿಟ್ಟುಕೊಟ್ಟಾರೆಯೇ! 1824ರಲ್ಲಿ ಮೆಕ್ಸಿಕೊ ಸೇರುವ ಮುಂಚೆ ಚಿಯಾಪಾಸ್ ಗ್ವಾಟೆಮಾಲದ ಆಡಳಿತಕ್ಕೇ ಸೇರಿತ್ತು ಎಂಬುದು ನೆನಪಿದ್ದರೆ ಈ ಜಗಳ ಅಣ್ಣತಮ್ಮಂದಿರದು. ಪಕ್ಕದ ಚಿಯಾಪಾ ದೆ ಕೊರ್ಸೊದ ಸೆಫೆರಿನೊ ನಾಂದಯಾಪಾ (1931–2010) ಇದೇ ವಾದ್ಯದಲ್ಲಿ ಯುರೋಪಿನ ಶಾಸ್ತ್ರೀಯ ಕೃತಿಗಳನ್ನು ನುಡಿಸಿ ಹೆಸರಾದವರು.

ವಾಲ್ಟ್ಜ್ ಮುಗಿಯುತ್ತಲೇ ಕ್ಯೂಬಾ ಮೂಲದ ಜೋಡಿ ಕುಣಿತದ ಸಂಗೀತ ಡಾನ್ಸೋನ್ ಬಂತು. ಶಾಸ್ತ್ರೀಯಕ್ಕೆ ಗಂಭೀರವಾಗಿ ಕೂರುವುದು, ಜನಪ್ರಿಯಕ್ಕೆ ಕುಣಿಯುವುದು ಎಂಬ ಭೇದ ಇಲ್ಲಿಲ್ಲ. ಎರಡಕ್ಕೂ ಅದೇ ವೃದ್ಧ ಜೋಡಿಗಳು. ಡಾನ್ಸೋನ್‌ನ ಪಲ್ಲವಿ ಮರಳಿದಾಗಲೆಲ್ಲ ಕುಣಿತ ನಿಲ್ಲುತ್ತದೆ: ಅಜ್ಜಿಯರು ಬೀಸಣಿಗೆ ಬಿಚ್ಚಿ ಗಾಳಿ ಹಾಕಿಕೊಳ್ಳುತ್ತಾರೆ, ಅಜ್ಜಂದಿರು ಎದೆ ಸೆಟೆಸಿ ಮಂಟಪದ ಕಡೆ ತಿರುಗುತ್ತಾರೆ, ಆಮೇಲೆ ತಾಳ ತಪ್ಪದೆ ಮತ್ತೆ ಹೆಜ್ಜೆ. ಸೋರೆಬುರುಡೆಯಲ್ಲಿ ಕೊಟ್ಟ ಪೊಸೋಲ್, ಅಂದರೆ ಮೆಕ್ಕೆಜೋಳ–ಕೋಕೊ ಕಲಸಿದ ತಣ್ಣನೆಯ ಪಾನೀಯ, ಕುಡಿಯುತ್ತ ಕೂತಿದ್ದೆ. ಒಬ್ಬ ಅಜ್ಜಿ ಬುರುಡೆ ಕಿತ್ತು ಬೆಂಚಿನ ಮೇಲಿಟ್ಟು ನನ್ನನ್ನೂ ಎಬ್ಬಿಸಿದರು.