ಆಗಿಲ್ಲ ಅಂತ ಅವತ್ತೇ ಹೇಳಬೇಕಿತ್ತು

ಮಂಗಳವಾರದಿಂದ ಒಂದು ಮಾತು ಕಿವಿಯಿಂದ ಹೋಗುತ್ತಿಲ್ಲ. "ಆಗಿಲ್ಲ ಅಂತ ಅವತ್ತ ಅಂದಿದ್ರ, ನಾ ಅವತ್ತ ಇನ್ನೊಮ್ಮೆ ತುಂಬ್ತಿದ್ದೆ ಅಲ್ರೀ?"

ಹೇಳಿದ್ದು ರೋಣ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದ ಹುಡುಗಿ. ಹೇಳಿದ್ದು ನನಗಲ್ಲ, ಧಾರವಾಡದಲ್ಲಿ ಒಂದು ಟ್ರಸ್ಟ್ ನಡೆಸುವ ಹಾಸ್ಟೆಲಿನ ಕಚೇರಿಯ ಕೌಂಟರಿನಲ್ಲಿ ಕೂತಿದ್ದ ಕಾಕಾಗೆ. ಹಾಸ್ಟೆಲಿನ ಆನ್‌ಲೈನ್ ಅರ್ಜಿಯ ವ್ಯವಸ್ಥೆಯನ್ನು ಬೇರೆ ತಂಡವೊಂದು ಕಟ್ಟಿ ಕೈಬಿಟ್ಟಿತ್ತು. ಈಚೆಗೆ ಅದನ್ನು ನೋಡಿಕೊಳ್ಳುವ ಕೆಲಸ ಹುಬ್ಬಳ್ಳಿಯ ನಮ್ಮ ಸಣ್ಣ ಕಂಪನಿಗೆ ಬಂದಿದೆ. ಹಾಗಾಗಿ ನಾನು ಅಲ್ಲೇ ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದೆ.

ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಅರ್ಜಿ ಹಾಕಿದವರ ಪಟ್ಟಿಯಲ್ಲೂ ಇರಲಿಲ್ಲ. ಕಾಕಾ ಕನ್ನಡಕ ಏರಿಸಿ ಮತ್ತೊಮ್ಮೆ ಹುಡುಕಿದರು. "ಇಲ್ಲಿಲ್ಲ ನೋಡವ್ವಾ. ನಮಗ ನಿನ್ನ ಅರ್ಜಿನ ಬಂದಿಲ್ಲ" ಅಂದರು. "ಹಸಿರು ಟಿಕ್ ಬಂದಿತ್ರೀ ಕಾಕಾರ" ಅಂತ ಅವಳು ಮೊಬೈಲ್ ಮುಂದೆ ಹಿಡಿದಳು. ಜೊತೆಗೆ ಬಂದಿದ್ದ ಸೋದರಮಾವ ಅಷ್ಟರಲ್ಲಿ ತೀರ್ಪು ಕೊಟ್ಟಾಗಿತ್ತು. "ಎಲ್ಲೆರ ಒತ್ತಬಾರದ್ದ ಒತ್ತಿರ್ತಾಳ್ರೀ ಇಕಿ. ಸೈಬರ್‌ದವಗ ಕೊಡು ಅಂದ್ರ ತಾನ ತುಂಬ್ತೀನಂತ ಕುಂತ್ಳು." ಆಗಲೇ ಅವಳು ಆ ಮಾತು ಹೇಳಿದ್ದು. ದನಿ ಏರಿಸಲಿಲ್ಲ. ಕಣ್ಣೀರು ಹಾಕಲಿಲ್ಲ. ಸರಳವಾಗಿ, ಲೆಕ್ಕ ಕೇಳಿದ ಹಾಗೆ ಕೇಳಿದಳು.

ನಾನು ಎದ್ದು ಹೋಗಿ ಆ ಸ್ಕ್ರೀನ್‌ಶಾಟ್ ನೋಡಿದೆ. ದೊಡ್ಡ ಹಸಿರು ಟಿಕ್. ಕೆಳಗೆ 'ನಿಮ್ಮ ಅರ್ಜಿ ಯಶಸ್ವಿಯಾಗಿ ಸಲ್ಲಿಕೆಯಾಗಿದೆ'. ಅದರ ಕೆಳಗೆ 'ಅರ್ಜಿ ಸಂಖ್ಯೆ' ಅಂತ ಬರೆದು ಎರಡು ಚುಕ್ಕಿ. ಆ ಚುಕ್ಕಿಗಳ ಮುಂದೆ ಏನೂ ಇರಲಿಲ್ಲ, ಖಾಲಿ.

ಆ ಖಾಲಿ ಜಾಗ ನೋಡಿದ ಕೂಡಲೇ ಏನಾಗಿರಬಹುದು ಅಂತ ಅರ್ಧ ಗೊತ್ತಾಯಿತು. ಹುಡುಗಿಯ ತಪ್ಪು ಇದರಲ್ಲಿ ಇಲ್ಲ ಅಂತ ಮಾವನಿಗೆ ಅಲ್ಲೇ ಹೇಳಿದೆ. ಅವರು ನಂಬಲಿಲ್ಲ. ಕಂಪ್ಯೂಟರ್ ಒಂದು ಕಡೆ, ಹದಿನೆಂಟರ ಹುಡುಗಿ ಒಂದು ಕಡೆ ನಿಂತರೆ ನಮ್ಮ ಜನ ಯಾರನ್ನು ನಂಬುತ್ತಾರೆ ಅನ್ನೋದು ಗೊತ್ತಿರುವ ವಿಷಯವೇ. ಅದಕ್ಕೆ ನನಗೆ ಆ ಮಾವನ ಮೇಲೆ ಸಿಟ್ಟು ಬಂದಿತ್ತು, ಈಗಲೂ ಪೂರ್ತಿ ಹೋಗಿಲ್ಲ.

ನಮ್ಮ ಕೆಲಸದವರಿಗೆ ಗೊತ್ತಿರುವುದನ್ನೇ ಬೇರೆಯವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಫಾರ್ಮಿನಲ್ಲಿ 'ಸಲ್ಲಿಸಿ' ಒತ್ತಿದಾಗ ಬ್ರೌಸರಿನಿಂದ ಸರ್ವರಿಗೆ ಒಂದು ವಿನಂತಿ ಹೋಗುತ್ತದೆ. ಸರ್ವರ್ ಉತ್ತರ ಕಳಿಸುತ್ತದೆ. ಉತ್ತರದ ಮೊದಲ ಸಾಲಿನಲ್ಲಿ ಮೂರಂಕಿಯ ಒಂದು ಸಂಖ್ಯೆ ಇರುತ್ತದೆ, ಅದು ಸ್ಟೇಟಸ್ ಕೋಡ್. 2ರಿಂದ ಶುರುವಾದರೆ ಕೆಲಸ ಆಯಿತು. 3 ಆದರೆ ಬೇರೆ ಕಡೆ ಹೋಗು. 4 ಆದರೆ ಕೇಳಿದವರ ಕಡೆ ಏನೋ ಸರಿಯಿಲ್ಲ. 5 ಆದರೆ ಸರ್ವರಿನ ತಪ್ಪು. ಅಂದರೆ ಆ ಸಂಖ್ಯೆ 'ಆಯಿತೋ ಇಲ್ಲವೋ' ಅಂತ ಮಾತ್ರ ಹೇಳೋದಿಲ್ಲ, ಆಗದಿದ್ದರೆ ಯಾರ ಕಡೆಯಿಂದ ಆಗಲಿಲ್ಲ ಅಂತಲೂ ಹೇಳುತ್ತದೆ. ನನಗೆ ಇದು ಬಹಳ ದೊಡ್ಡ ವಿಷಯ ಅನಿಸುತ್ತದೆ. ಮಂಗಳವಾರದ ಮೇಲಂತೂ ಇನ್ನೂ ಜಾಸ್ತಿ.

ಈ ಹಾಸ್ಟೆಲಿನ ವ್ಯವಸ್ಥೆ ಇರುವುದು ಜ್ಯಾಂಗೊದಲ್ಲಿ. ವೆಬ್‌ಸೈಟ್ ಕಟ್ಟಲು 2005ರಲ್ಲಿ ಹೊರಬಂದ ಫ್ರೇಮ್‌ವರ್ಕ್ ಅದು, ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ಪತ್ರಿಕೆಯ ಕಚೇರಿಯಲ್ಲಿ ಹುಟ್ಟಿದ್ದು. ಗಡುವಿನೊಳಗೆ ಕೆಲಸ ಮುಗಿಸಬೇಕಾದವರು ಕಟ್ಟಿದ್ದರಿಂದಲೋ ಏನೋ, ನಾವು ಮರೆಯುವ ಎಷ್ಟೋ ವಿಷಯ ಅದೇ ನೋಡಿಕೊಳ್ಳುತ್ತದೆ. ಕೋಡ್ ನಡುವೆ ಎಲ್ಲಾದರೂ ಮುರಿದುಬಿದ್ದರೆ ಅದು ತಾನೇ 500 ಅಂತ ಉತ್ತರ ಕೊಡುತ್ತದೆ. ಸೆಟ್ಟಿಂಗ್ ಸರಿಯಿದ್ದರೆ ನೋಡಿಕೊಳ್ಳುವವರಿಗೆ ಮೇಲ್ ಕೂಡ ಹಾಕುತ್ತದೆ.

ಆದರೆ ಹಳೆಯ ತಂಡ ಅದಕ್ಕೆ ಬಾಯಿ ಬಿಡಲು ಅವಕಾಶವನ್ನೇ ಕೊಟ್ಟಿರಲಿಲ್ಲ. ಅರ್ಜಿ ಉಳಿಸುವ ಕೋಡಿನ ಸುತ್ತ ಒಂದು ಬಲೆ ಹಾಕಿದ್ದರು. ಯಾವ ದೋಷ ಬಂದರೂ ಹಿಡಿ, ನುಂಗು, ಆಮೇಲೆ ಒಂದು ಜೇಸನ್ (ಯಂತ್ರ ಓದುವ ರೂಪದ) ಉತ್ತರ ಕಳಿಸು. ಆ ಉತ್ತರದ ಒಳಗೆ 'ವಿಫಲ, ತಾಂತ್ರಿಕ ತೊಂದರೆ' ಅಂತ ಒಂದು ಸಾಲು ಇತ್ತು. ಹೊರಗಿನ ಸಂಖ್ಯೆ ಮಾತ್ರ 200. ಜ್ಯಾಂಗೊದಲ್ಲಿ ಜೇಸನ್ ಉತ್ತರಕ್ಕೆ ನಾವು ಸ್ಟೇಟಸ್ ಕೊಡದಿದ್ದರೆ ಅದು 200 ಅಂತಲೇ ಹೋಗುತ್ತದೆ. ಒಂದೇ ಒಂದು ಪದದ ಕೆಲಸ, ಯಾರೂ ಮಾಡಿರಲಿಲ್ಲ. ಬ್ರೌಸರಿನಲ್ಲಿ ಪುಟ ತೋರಿಸುವ ಕೋಡ್ ಬರೆದ ಹುಡುಗ ನಿಯಮದ ಪ್ರಕಾರವೇ ನಡೆದುಕೊಂಡಿದ್ದ. ಉತ್ತರದ ಸಂಖ್ಯೆ 200ರಿಂದ 299ರ ಒಳಗಿದೆಯಾ ಅಂತ ನೋಡಿ ಟಿಕ್ ತೋರಿಸಿದ್ದ. ಸರ್ವರ್ ಆಯಿತು ಅಂದಿತು, ಪುಟ ನಂಬಿತು, ಹುಡುಗಿ ನಂಬಿದಳು.

ಸಂಜೆ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬರುವಾಗ ಹಳೆಯ ತಂಡದ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ, ಸಿಟ್ಟಾಗಲಿಲ್ಲ. "ಅಲ್ರೀ, ಯೂಸರ್‌ಗೆ ಎರರ್ ಕಾಣ್ಬಾರ್ದು ಅಂತ ಟ್ರಸ್ಟಿನವರೇ ಹೇಳಿದ್ರು. ಮೊದಲ ವರ್ಷ ಕೆಂಪು ಬಂದಾಗ ಬಹಳ ಫೋನ್ ಬಂದ್ವು" ಅಂದರು. ಫೋನ್ ಬರಬೇಕಾದದ್ದೇ ಅಲ್ವಾ? ಆ ಫೋನುಗಳೇ ತೊಂದರೆ ಅಂತ ತಿಳಿದುಕೊಂಡರೆ ಇಂಥದ್ದೇ ಆಗೋದು. ಅವರು ದೋಷ ಸರಿಮಾಡಲಿಲ್ಲ, ಫೋನ್ ನಿಲ್ಲಿಸಿದರು. ಅವರು ಕೆಟ್ಟವರಲ್ಲ ಅಂತ ಗೊತ್ತಿದ್ದೂ ಇದನ್ನು ಹೇಳುತ್ತಿದ್ದೇನೆ, ಯಾಕೆಂದರೆ ಇದು ಕೆಟ್ಟ ಕೆಲಸ.

ಉಣಕಲ್ ಕೆರೆ ದಾಟುವಾಗ ಮತ್ತೆ ಅದೇ ದನಿ. ಅವತ್ತ ಅಂದಿದ್ರ, ಅವತ್ತ ತುಂಬ್ತಿದ್ದೆ.

ರಾತ್ರಿ ಲಾಗ್, ಅಂದರೆ ಸರ್ವರ್ ತಾನು ಮಾಡಿದ್ದನ್ನು ಬರೆದಿಡುವ ದಿನಚರಿ, ತೆಗೆದು ಕೂತೆವು. ಇಂಥವರು ಇನ್ನೂ ಎಷ್ಟು ಜನ ಇದ್ದಾರೆ ಅಂತ ಹುಡುಕಬೇಕಿತ್ತು. ಆದರೆ ಲಾಗಿನಲ್ಲಿ ಸಾಲು ಸಾಲು 200. ಸರ್ವರಿಗೆ ಏನಾದರೂ ಆದರೆ ಎಚ್ಚರಿಸಲು ಇಟ್ಟಿದ್ದ ವ್ಯವಸ್ಥೆ 5ರಿಂದ ಶುರುವಾಗುವ ಸಂಖ್ಯೆಗಳನ್ನಷ್ಟೇ ಎಣಿಸುತ್ತಿತ್ತು, ಅದಕ್ಕೂ ಎಲ್ಲ ಚೆನ್ನಾಗಿತ್ತು. ಗೆದ್ದವರೂ ಸೋತವರೂ ಒಂದೇ ಥರ ಕಾಣುತ್ತಿದ್ದರು.

ದಾರಿ ಹುಡುಕಿಕೊಟ್ಟಿದ್ದು ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿ. ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ತನ್ನ ಲಾಗಿನಲ್ಲಿ ಸ್ಟೇಟಸ್ ಪಕ್ಕದಲ್ಲೇ ಉತ್ತರ ಎಷ್ಟು ಬೈಟ್ ಉದ್ದ ಇತ್ತು ಅಂತಲೂ ಬರೆದಿಡುತ್ತದೆ. "ಸರ್, ಯಶಸ್ವಿ ಉತ್ತರದೊಳಗ ಹೆಸರು ಇರ್ತದ. ಅದು ಒಬ್ಬೊಬ್ಬರದು ಒಂದೊಂದು ಉದ್ದ. ವಿಫಲ ಅನ್ನೋ ಉತ್ತರ ಮಾತ್ರ ಯಾವಾಗ್ಲೂ ಅದ ಸಾಲು. ಬೈಟೂ ಅಷ್ಟ ಇರಬೇಕು" ಅಂದಳು. ಹಾಗೇ ಇತ್ತು. ಹೆಚ್ಚು ಕಡಿಮೆಯಾಗುತ್ತಿದ್ದ ಸಂಖ್ಯೆಗಳ ನಡುವೆ ಒಂದೇ ಸಂಖ್ಯೆ ಅಲ್ಲಲ್ಲಿ ತಿರುಗಿ ತಿರುಗಿ ಕಾಣಿಸುತ್ತಿತ್ತು. ಅದೊಂದನ್ನೇ ಸೋಸಿ ತೆಗೆದೆವು. ರೋಣದ ಹುಡುಗಿಯ ಸ್ಕ್ರೀನ್‌ಶಾಟಿನ ಸಮಯಕ್ಕೂ ಒಂದು ಸಾಲು ಕೂತಿತು. ಅವಳೊಬ್ಬಳೇ ಇರಲಿಲ್ಲ. ಒಂದು ಕೋಣೆ ತುಂಬುವಷ್ಟು ಜನ ಇದ್ದರು.

ಯಾಕೆ ಸೋತಿದ್ದು? ತಂದೆಯ ಹೆಸರಿನ ಕಾಲಮ್ಮಿಗೆ 30 ಅಕ್ಷರಗಳ ಮಿತಿ ಹಾಕಿದ್ದರು. ಅದನ್ನು ಫಾರ್ಮಿನಲ್ಲಿ ಎಲ್ಲೂ ಹೇಳಿರಲಿಲ್ಲ. ನಮ್ಮ ಕಡೆ ತಂದೆಯ ಹೆಸರು ಅಂದರೆ ಅವರ ಹೆಸರು, ಅಜ್ಜನ ಹೆಸರು, ಅಡ್ಡಹೆಸರು, ಎಲ್ಲ ಸೇರಿದ್ದು. ಸಿದ್ಧಲಿಂಗಪ್ಪ ಅನ್ನೋದು ನಮಗೆ ಐದು ಅಕ್ಷರ, ಡೇಟಾಬೇಸಿಗೆ 12. ಗುಣಿತ, ಸೊನ್ನೆ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. ಅದರ ಮುಂದೆ ಚನ್ನಬಸಪ್ಪ ಸೇರಿದರೆ, ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಬಂದು, 22. ಅಡ್ಡಹೆಸರು ಬರುವಷ್ಟರಲ್ಲಿ 30 ದಾಟಿರುತ್ತದೆ. ಇಂಗ್ಲಿಷಿನಲ್ಲಿ ಬರೆದಿದ್ದರೂ ದಾಟುತ್ತಿತ್ತು. ಕಟ್ಟಿದವರು ತಮ್ಮ ಲ್ಯಾಪ್‌ಟಾಪಿನಲ್ಲಿ ಎಸ್‌ಕ್ಯೂಲೈಟ್ ಅನ್ನೋ ಸಣ್ಣ ಡೇಟಾಬೇಸ್ ಇಟ್ಟುಕೊಂಡು ಪರೀಕ್ಷಿಸಿದ್ದರು, ಅದು ಉದ್ದದ ಮಿತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಿಜವಾದ ಸರ್ವರಿನಲ್ಲಿ ಇದ್ದದ್ದು ಪೋಸ್ಟ್‌ಗ್ರೆಸ್. ಆ ಡೇಟಾಬೇಸ್ ಕಟ್ಟುನಿಟ್ಟು, ಒಂದು ಅಕ್ಷರ ಹೆಚ್ಚಾದರೂ ಬೇಡ ಅನ್ನುತ್ತದೆ. ಅದು ಬೇಡ ಅಂದಿತ್ತು. ಅಂದಿದ್ದನ್ನು ನಡುವಿನ ಕೋಡ್ ನುಂಗಿತ್ತು.

ಆಮೇಲೆ ಫೋಟೋಗಳ ಫೋಲ್ಡರ್ ತೆರೆದಾಗ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಜ್ಯಾಂಗೊ ಮೊದಲು ಫೋಟೋ ಉಳಿಸಿ, ಆಮೇಲೆ ಡೇಟಾಬೇಸಿಗೆ ಸಾಲು ಬರೆಯುತ್ತದೆ. ಸಾಲು ಬರೆಯುವಾಗ ಸೋತರೂ ಫೋಟೋ ಅಲ್ಲೇ ಉಳಿಯುತ್ತದೆ. ಹೀಗಾಗಿ ಅಷ್ಟೂ ಹುಡುಗಿಯರ ಮುಖ ಅಲ್ಲಿತ್ತು. ನೀಲಿ ಹಿನ್ನೆಲೆ, ಬಿಗಿಯಾಗಿ ಹೆಣೆದ ಎರಡು ಜಡೆ, ಸ್ಟುಡಿಯೋದವರು ನಗಬೇಡ ಅಂದಿದ್ದಕ್ಕೆ ಗಟ್ಟಿಯಾಗಿ ಮುಚ್ಚಿದ ತುಟಿ. ಹೆಸರಿಲ್ಲ, ಊರಿಲ್ಲ, ಅರ್ಜಿಯಿಲ್ಲ. ಫೋಟೋ ಮಾತ್ರ ಇದೆ. ಎಲ್ಲರೂ ಟಿಕ್ ನೋಡಿ ಮನೆಯಲ್ಲಿ "ಆತು" ಅಂದು ನಿಶ್ಚಿಂತೆಯಿಂದ ಇದ್ದವರು.

ಪುಣ್ಯಕ್ಕೆ ಫಾರ್ಮ್ ತೆರೆಯುವ ಮುಂಚೆ ಒಟಿಪಿ ಕೇಳುತ್ತಿದ್ದರು. ಆ ಮೊಬೈಲ್ ನಂಬರುಗಳು ಬೇರೆ ಕಡೆ ಉಳಿದಿದ್ದವು. ಒಟಿಪಿ ಹಾಕಿಯೂ ಅರ್ಜಿ ಇಲ್ಲದವರನ್ನು ಲಾಗಿನ ಸಮಯಕ್ಕೆ ಹೊಂದಿಸಿ ಪಟ್ಟಿ ಮಾಡಿದೆವು.

ಬುಧವಾರ ಒಂದು ಚರ್ಚೆ ನಡೆಯಿತು, ಅದನ್ನು ಬರೆಯಲೇಬೇಕು. ಇನ್ನು ಮುಂದೆ ಇಂಥ ಕಡೆ ಯಾವ ಸಂಖ್ಯೆ ಕಳಿಸಬೇಕು ಅನ್ನೋದು ಪ್ರಶ್ನೆ. ನಮ್ಮ ತಂಡದ ಒಬ್ಬ 422 ಅಂದ. ಕಳಿಸಿದ್ದರ ರೂಪ ಸರಿಯಿದೆ, ಒಳಗಿನ ವಿಷಯ ಒಪ್ಪುವಂತಿಲ್ಲ ಅಂತ ಅದರ ಅರ್ಥ. ಪುಸ್ತಕದ ಪ್ರಕಾರ ಅವನು ಹೇಳಿದ್ದು ಸರಿ. ನನಗೆ ಒಪ್ಪಿಗೆಯಾಗಲಿಲ್ಲ. ಜನ್ಮ ದಿನಾಂಕ ಬಿಟ್ಟಿದ್ದರೆ 422 ಕೊಡೋಣ, ಮೊಬೈಲ್ ನಂಬರಿಗೆ ಒಂಬತ್ತೇ ಅಂಕಿ ಹಾಕಿದ್ದರೂ ಕೊಡೋಣ. ಆದರೆ ಅವಳಪ್ಪನ ಹೆಸರು ಅವಳಪ್ಪನ ಹೆಸರೇ. ಅದರಲ್ಲಿ ಅವಳು ತಿದ್ದಿಕೊಳ್ಳುವಂಥದ್ದು ಏನಿದೆ? ಡಬ್ಬಿ ಸಣ್ಣದು ಮಾಡಿದ್ದು ಈ ಕಡೆಯವರು. ಅಂದಮೇಲೆ ಅದು 500. 422 ಅಂದರೆ ತಪ್ಪು ಅವಳ ಕಡೆಯದು ಅಂದ ಹಾಗೆ. ಸೋದರಮಾವನೂ ಅವತ್ತು ಮಾಡಿದ್ದು ಅದನ್ನೇ ಅಲ್ವಾ, ಸರ್ವರಿನ ತಪ್ಪನ್ನು ಹುಡುಗಿಯ ತಲೆಗೆ ಕಟ್ಟಿದ್ದು. ಮಾವನಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ.

ಇದನ್ನೆಲ್ಲ ಯೋಚಿಸುವಾಗ ಒಂದು ಹಳೆಯ ವಿಷಯ ನೆನಪಾಗುತ್ತಿತ್ತು. 1991ರಲ್ಲಿ ಯುರೋಪಿನ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ ವೆಬ್ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ ಮಾಡಿದ, ಬ್ರೌಸರು ಸರ್ವರು ಮಾತಾಡುವ ನಿಯಮವಾದ ಮೊದಲ ಎಚ್‌ಟಿಟಿಪಿಯಲ್ಲಿ ಈ ಸ್ಟೇಟಸ್ ಸಂಖ್ಯೆ ಇರಲೇ ಇಲ್ಲ. ಪುಟ ಸಿಕ್ಕರೆ ಪುಟ ಬರುತ್ತಿತ್ತು. ಸಿಗದಿದ್ದರೆ ಸಿಗಲಿಲ್ಲ ಅಂತ ಬರೆದ ಇನ್ನೊಂದು ಪುಟ ಬರುತ್ತಿತ್ತು. ಓದಿದ ಮನುಷ್ಯನಿಗೆ ತಿಳಿಯುತ್ತಿತ್ತು, ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಈ ಕೊರತೆ ಬೇಗ ಗೊತ್ತಾಗಿ, 1996ರ ಮೇ ತಿಂಗಳಲ್ಲಿ ಎಚ್‌ಟಿಟಿಪಿ 1.0 ಬರಹಕ್ಕೆ ಇಳಿಯುವ ಹೊತ್ತಿಗೆ ಸ್ಟೇಟಸ್ ಸಾಲು ಅದರ ಭಾಗವಾಗಿತ್ತು. 2022ರಲ್ಲಿ ಹೊಸದಾಗಿ ಬರೆದಾಗಲೂ ಅದೇ ಗುಂಪುಗಳು ಉಳಿದುಕೊಂಡವು. ಬಗೆಹರಿದು ಅಷ್ಟು ಕಾಲವಾದ ಒಂದು ಪ್ರಶ್ನೆಯನ್ನು ನಾವು ಧಾರವಾಡದಲ್ಲಿ ಮತ್ತೆ ಹುಟ್ಟಿಸಿದ್ದೇವೆ. ಒಳಗೆ ಏನಿದೆ ಅಂತ ಓದಿ ನೋಡುವ ಪದ್ಧತಿಯವರೂ ಇದ್ದಾರೆ, ಸರ್ವರಿನಿಂದ ಮಾಹಿತಿ ಕೇಳುವ ಇನ್ನೊಂದು ವಿಧಾನವಾದ ಗ್ರಾಫ್‌ಕ್ಯೂಎಲ್‌ನಲ್ಲಿ 200ರ ಒಳಗೇ ದೋಷದ ಪಟ್ಟಿ ಬರೋದು ಮಾಮೂಲು. ಆದರೆ ಅಲ್ಲಿ ಎರಡೂ ಕಡೆಯವರಿಗೆ ಆ ಒಪ್ಪಂದ ಗೊತ್ತಿರುತ್ತದೆ. ಇಲ್ಲಿ ಒಬ್ಬರಿಗೆ ಗೊತ್ತಿತ್ತು, ಇನ್ನೊಬ್ಬರಿಗೆ ಇರಲಿಲ್ಲ.

ಕಾಕಾ ಮೊದಲು ಕಾಗದದ ಅರ್ಜಿ ತೆಗೆದುಕೊಳ್ಳುತ್ತಿದ್ದರಂತೆ. ಅವರೇ ಹೇಳಿದರು. ಸಹಿ ಇಲ್ಲದಿದ್ದರೆ ಕೌಂಟರಿನಲ್ಲೇ ವಾಪಸ್ ಕೊಟ್ಟು, ಎಲ್ಲಿ ಸಹಿ ಬೇಕೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಕಳಿಸುತ್ತಿದ್ದರು. ಎಲ್ಲ ಸರಿಯಿದ್ದರೆ ಮಾತ್ರ ಶಿಕ್ಕಾ, ನಂಬರು, ಚೀಟಿ. ನಂಬರ್ ಇಲ್ಲದೆ ಚೀಟಿ ಹರಿದುಕೊಟ್ಟಿದ್ದು ನೆನಪೇ ಇಲ್ಲ ಅಂದರು. ಆ ಮನುಷ್ಯನಿಗೆ ಎಚ್‌ಟಿಟಿಪಿ ಅಂದರೆ ಏನಂತ ಗೊತ್ತಿಲ್ಲ. ಆದರೆ ಉತ್ತರ ಹೇಗೆ ಕೊಡಬೇಕು ಅಂತ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿದೆ.

ಮತ್ತೆ ಆ ಮಾತಿಗೇ ಬರುತ್ತೇನೆ. ಅವತ್ತ ಅಂದಿದ್ರ. ಅವಳು ಸೀಟು ಕೇಳಲಿಲ್ಲ, ಕರುಣೆ ಕೇಳಲಿಲ್ಲ. ಕೆಟ್ಟ ಸುದ್ದಿಯನ್ನು ಹೊತ್ತಿಗೆ ಸರಿಯಾಗಿ ಕೇಳುವ ಹಕ್ಕು ಕೇಳಿದಳು. ಸಂದರ್ಶನ ಮುಗಿಸಿ ತಿಂಗಳುಗಟ್ಟಲೆ ಕಾಯುವ ಹುಡುಗರು ಧಾರವಾಡದ ಸಪ್ತಾಪುರದ ಓಣಿ ತುಂಬ ಇದ್ದಾರೆ. ಅವರಿಗೂ ಯಾರೂ 'ಇಲ್ಲ' ಅನ್ನೋದಿಲ್ಲ. 'ತಿಳಿಸ್ತೀವಿ' ಅನ್ನುತ್ತಾರೆ. ಇಲ್ಲ ಅಂದರೆ ನೋವಾಗುತ್ತದೆ ಅಂತ ಅಂದುಕೊಂಡು ಅವರ ಒಂದು ವರ್ಷ ತಿಂದುಬಿಡುತ್ತಾರೆ. ಹೇಳುವವರ ಮುಜುಗರ ಉಳಿಯುತ್ತದೆ, ಕೇಳುವವರ ದಿನ ಹೋಗುತ್ತದೆ. ಇದನ್ನು ಸೌಜನ್ಯ ಅಂತ ನಾನು ಒಪ್ಪೋದಿಲ್ಲ.

ಟ್ರಸ್ಟಿನ ಕಾರ್ಯದರ್ಶಿ ಗುರುವಾರ ಪಟ್ಟಿ ನೋಡಿ, ಅಷ್ಟೂ ಜನಕ್ಕೆ ಕಾಕಾ ಕೈಯಿಂದಲೇ ಫೋನ್ ಮಾಡಿಸಿದರು. ಮತ್ತೆ ಅರ್ಜಿ ತುಂಬಲು ಶನಿವಾರದವರೆಗೆ ಸಮಯ ಕೊಟ್ಟಿದ್ದಾರೆ, ಎರಡನೇ ಪಟ್ಟಿ ಆಮೇಲೆ. ಕೆಲವರು ಆಗಲೇ ಬೇರೆ ಕಡೆ ಪಿಜಿಗೆ ದುಡ್ಡು ಕಟ್ಟಿದ್ದಾರೆ. ಇಬ್ಬರು ಈ ವರ್ಷ ಓದೇ ಬೇಡ ಅಂತ ಮನೆಯಲ್ಲಿ ತೀರ್ಮಾನವಾಗಿದೆ ಅಂದರಂತೆ. ಅವರ ಮನೆಗೆ ಕಾಕಾ ಮತ್ತೆ ಫೋನ್ ಮಾಡುತ್ತಿದ್ದಾರೆ.

ನಾವು ಕಾಲಮ್ಮಿನ ಮಿತಿ 200ಕ್ಕೆ ಏರಿಸಿದೆವು, ಆ ಬಲೆ ಕಿತ್ತುಹಾಕಿದೆವು. ಅರ್ಜಿ ಸಂಖ್ಯೆ ಇಲ್ಲದೆ ಟಿಕ್ ಬರದ ಹಾಗೆ ಪುಟವನ್ನೂ ಬಿಗಿ ಮಾಡಿದೆವು. ಅರ್ಜಿ ದಾಖಲಾದ ಮೇಲೆ ಬೇರೆ ಪುಟಕ್ಕೆ ಕಳಿಸಲು 303 ಹಾಕಿದ್ದೇವೆ, ನೆಟ್‌ವರ್ಕ್ ನಿಧಾನ ಅಂತ ಯಾರಾದರೂ ರಿಫ್ರೆಶ್ ಒತ್ತಿದರೂ ಎರಡು ಅರ್ಜಿ ಆಗಬಾರದು ಅಂತ. ಅದೇ ಹಳೆಯ ತಂಡದಿಂದ ನಮಗೆ ಬಂದ ಇನ್ನೊಂದು ವ್ಯವಸ್ಥೆ ಗದಗಿನ ಒಂದು ಬೀಜದ ಅಂಗಡಿಯದು. ನಿನ್ನೆ ಅದರ ಕೋಡ್ ತೆಗೆದು ನೋಡಿದರೆ ಅಲ್ಲೂ ಅದೇ ಬಲೆ, ಅದೇ 200. ಅಂಗಡಿಯ ಮಾಲೀಕರು "ನಡೀತೈತಲ್ಲ, ಸುಮ್ನ ಯಾಕ ಕೆದರ್ತೀರಿ, ರೊಕ್ಕ ಕೊಡಂಗಿಲ್ಲ" ಅಂದಿದ್ದಾರೆ. ಸೋಮವಾರ ಹೋಗಿ ಅವರ ಲಾಗನ್ನು ಅವರ ಮುಂದೆಯೇ ತೆರೆದು, ತಿರುಗಿ ತಿರುಗಿ ಅದೇ ಬೈಟ್ ಸಂಖ್ಯೆ ಬಂದ ಸಾಲುಗಳನ್ನು ಬೆರಳಿಟ್ಟು ತೋರಿಸುತ್ತೇನೆ.