ಪೆಂಡಿಂಗ್ ಡಿಲೀಟ್‌ವರೆಗೂ ಕಾದು ಹಿಡಿದ ಡಾಟ್ ಕಾಮ್

ನಮ್ಮ ಬಿಸಿನೆಸ್ ಸೈಟ್‌ಗೆ ಬೇಕಿದ್ದ ಡೊಮೇನ್ (ಸೈಟಿನ ವಿಳಾಸದ ಹೆಸರು) ನಿನ್ನೆ ರಾತ್ರಿ ಸಿಕ್ತು! ಹೋಸ್ಟಿಂಗ್, ಡಿಎನ್ಎಸ್, ಸರ್ಟಿಫಿಕೇಟ್ ಎಲ್ಲ ನಿಮಗೆ ಗೊತ್ತಿರೋದೇ. ಹೆಸರು ಸಿಕ್ಕ ಕತೆ ಮಾತ್ರ ಬರೆಯುತ್ತೇನೆ.

ಪಟ್ಟಿಯಲ್ಲಿದ್ದ ಹೆಸರುಗಳನ್ನು ಫೋನಿನಲ್ಲಿ ಒಂದೊಂದೇ ಸಲ ಹೇಳಿ, ಆ ಕಡೆಯವರಿಂದ ಟೈಪ್ ಮಾಡಿಸಿದೆ. ಹೈಫನ್ ಇದ್ದ ಹೆಸರು ಅಲ್ಲೇ ಬಿತ್ತು. ಒಬ್ಬರು ಅಂಡರ್‌ಸ್ಕೋರ್ ಒತ್ತಿದರು, ಇನ್ನೊಬ್ಬರು ಹೈಫನ್ ಬಿಟ್ಟೇಬಿಟ್ಟರು. ಅಂಕಿ ಇದ್ದದ್ದಕ್ಕೆ, 4 ಒತ್ತಬೇಕಾ, ಅಕ್ಷರದಲ್ಲಿ ಬರೆಯಬೇಕಾ ಅಂತ ಕೇಳಿದರು. ಡಾಟ್‌ಗೆ ಮುಂಚಿನ ಭಾಗ 63 ಅಕ್ಷರದವರೆಗೂ ಇರಬಹುದು ಅನ್ನುತ್ತದೆ ನಿಯಮ. ಆದರೆ ಯಾರೂ ತಡವರಿಸದೆ ಒತ್ತಿದ್ದು ಎರಡು ಚಿಕ್ಕ ಪದ ಸೇರಿದ ಒಂದೇ ಹೆಸರನ್ನು. ಅದಕ್ಕೆ ಆಗಲೇ ಮಾಲೀಕರಿದ್ದರು.

ಅವಧಿಯೇನೋ ಮುಗಿದಿತ್ತು. ಆದರೂ ಹೆಸರು ಬಿಡುಗಡೆ ಆಗಲಿಲ್ಲ. ತಲೆ ಕೆಡೋದು ಇಲ್ಲೇ. ಎಕ್ಸ್‌ಪೈರಿ ದಿನ ನೋಡಿ ಸುಮ್ನೆ ಕಾದರೆ ಪ್ರಯೋಜನವಿಲ್ಲ, ಹೆಸರು ಯಾವ ಹಂತದಲ್ಲಿದೆ ಅಂತ ಹೇಳುವ ಸ್ಟೇಟಸ್ ನೋಡಬೇಕು. ಡಾಟ್ ಕಾಮ್ ಆದರೆ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಡುವ ಕಂಪನಿ) 45 ದಿನದವರೆಗೂ ಅದನ್ನು ಇಟ್ಟುಕೊಳ್ಳಬಹುದು. ಎಷ್ಟೋ ಕಂಪನಿಗಳು ಅಷ್ಟರಲ್ಲೇ ಹರಾಜಿಗೂ ಹಾಕುತ್ತವೆ. ಆಮೇಲೆ 30 ದಿನ ರಿಡೆಂಪ್ಷನ್, ಅಂದರೆ ಬಿಡಿಸಿಕೊಳ್ಳುವ ಅವಧಿ. ಹಳೆಯ ಮಾಲೀಕರು ಜಾಸ್ತಿ ಫೀಸ್ ಕಟ್ಟಿ ವಾಪಸ್ ತಗೊಳ್ಳಬಹುದು. ಕೊನೆಗೆ 5 ದಿನ ಪೆಂಡಿಂಗ್ ಡಿಲೀಟ್, ಅಂದರೆ ಹೆಸರು ಅಳಿಸಿಹೋಗುವ ಮುಂಚಿನ ಹಂತ. ಅಲ್ಲಿಗೆ ಬಂತು ಅಂದರೆ ಅವರ ಕೈಯಲ್ಲೂ ಉಳಿಸಿಕೊಳ್ಳಲು ಆಗುವುದಿಲ್ಲ.

ಈ ಮಧ್ಯೆ ನಾನು ವಿಚಾರಿಸಿದ ರಿಜಿಸ್ಟ್ರಾರ್ ಬೇರೆ ಎಕ್ಸ್‌ಟೆನ್ಷನ್ (ಕೊನೆಯ ಡಾಟ್ ನಂತರದ ಭಾಗ) ತಗೊಳ್ಳಿ ಅಂತ ಮೇಲ್ ಮೇಲೆ ಮೇಲ್ ಹಾಕಿದರು. ಮೊದಲ ವರ್ಷದ ರೇಟು ದಪ್ಪಕ್ಷರದಲ್ಲಿ, ರಿನ್ಯೂವಲ್ ರೇಟು ಕಾರ್ಟ್‌ನ ಕೊನೇ ಪುಟದಲ್ಲಿ. ವರ್ಷ ವರ್ಷ ಕಟ್ಟಬೇಕಾದ ದುಡ್ಡನ್ನು ಮೊದಲೇ ಹೇಳಬೇಕಲ್ವಾ?

ಕಾಯುತ್ತಾ ಕೂತಾಗ ಮುಂದಿನ ಪ್ರಾಜೆಕ್ಟೂ ಹೊಳೆಯಿತು: ಕನ್ನಡ ಲಿಪಿಯಲ್ಲೇ ಒಂದು ಡೊಮೇನ್. ಬ್ರೌಸರ್‌ನಲ್ಲಿ ಕನ್ನಡ ಕಂಡರೂ ಒಳಗೆ ಡಿಎನ್ಎಸ್‌ಗೆ (ಹೆಸರಿನಿಂದ ಸೈಟ್ ಹುಡುಕಿಕೊಡುವ ವ್ಯವಸ್ಥೆಗೆ) ಹೋಗುವುದು ಪ್ಯೂನಿಕೋಡ್, ಅಂದರೆ ಅದೇ ಹೆಸರಿನ ಇಂಗ್ಲಿಷ್ ಅಕ್ಷರ-ಅಂಕಿಗಳ ರೂಪ. ಆ ಹೆಸರಿನ ಇಮೇಲ್ ವಿಳಾಸವನ್ನು ಎಷ್ಟು ಫಾರ್ಮ್‌ಗಳು ಒಪ್ಪುತ್ತವೋ ನೋಡಬೇಕು.

ಸರಿ, ಮತ್ತೆ ಇದಕ್ಕೆ ಬರೋಣ. ಬ್ಯಾಕ್‌ಆರ್ಡರ್ (ಹೆಸರು ಬಿಡುಗಡೆಯಾದ ಕೂಡಲೇ ನಮಗಾಗಿ ಹಿಡಿಯಲು ಮುಂಗಡ ಕೋರಿಕೆ) ಹಾಕುವ ಮುಂಚೆ, ಹಳೆಯ ವೆಬ್ ಪುಟಗಳ ಪ್ರತಿ ಇಡುವ ವೇಬ್ಯಾಕ್ ಮಷಿನ್‌ನಲ್ಲಿ ಈ ಹೆಸರಿನ ಹಳೆಯ ಪುಟಗಳನ್ನು ತೆಗೆದು ನೋಡಿದೆ. ಜೂಜಿನ ಲಿಂಕ್ ಇಲ್ಲ, ನಕಲಿ ಮಾಲಿನ ಪುಟಗಳಿಲ್ಲ. ಸ್ಪ್ಯಾಮ್ ಬ್ಲಾಕ್‌ಲಿಸ್ಟ್‌ಗಳಲ್ಲೂ ಹೆಸರಿಲ್ಲ. ಇದನ್ನು ದಯವಿಟ್ಟು ಬಿಡಬೇಡಿ. ಹಿಂದಿನವರು ಸ್ಪ್ಯಾಮ್ ಕಳಿಸಿದ್ದರೆ ನಿಮ್ಮ ಇನ್‌ವಾಯ್ಸ್ ಗ್ರಾಹಕರ ಜಂಕ್ ಫೋಲ್ಡರ್‌ಗೆ ಹೋಗಬಹುದು.

ನಿನ್ನೆ ಪೆಂಡಿಂಗ್ ಡಿಲೀಟ್ ಸ್ಟೇಟಸ್ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಬ್ಯಾಕ್‌ಆರ್ಡರ್ ಕಡೆಯಿಂದ ಮೇಲ್ ಬಂತು, ಹೆಸರು ನಮ್ಮದು! ಮೊದಲು ಆಟೋ ರಿನ್ಯೂ ಆನ್ ಮಾಡಿದೆ. ಈಗ ಎಸ್‌ಪಿಎಫ್, ಡಿಕಿಮ್ ರೆಕಾರ್ಡ್ (ಮೇಲ್ ನಿಜವಾಗಿ ನಮ್ಮಿಂದಲೇ ಬಂದದ್ದು ಅಂತ ತೋರಿಸುವವು) ಹಾಕುತ್ತಿದ್ದೇನೆ.