ಮುಂದಿನ ವರ್ಷದ ಸರದಿಗೆ ಬೆಲೆ ಕಟ್ಟುವುದು

ಅಮೆರಿಕದ ವೃತ್ತಿಪರ ಫುಟ್‌ಬಾಲ್ ತಂಡವೊಂದರ ಅಂಕಿಅಂಶ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಪ್ರತಿ ಏಪ್ರಿಲ್‌ನಲ್ಲಿ ನಡೆಯುವ ಎನ್‌ಎಫ್‌ಎಲ್ (ನ್ಯಾಷನಲ್ ಫುಟ್‌ಬಾಲ್ ಲೀಗ್) ಡ್ರಾಫ್ಟ್‌ನಲ್ಲಿ 32 ತಂಡಗಳು ಏಳು ಸುತ್ತುಗಳಲ್ಲಿ ಕಾಲೇಜು ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಹಿಂದಿನ ಋತುವಿನಲ್ಲಿ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ ಸಿಗುತ್ತದೆ. ಮುಂಬರುವ ವರ್ಷಗಳ ಸರದಿಗಳನ್ನೂ ತಂಡಗಳು ತಮ್ಮೊಳಗೆ ವಿನಿಮಯ ಮಾಡಿಕೊಳ್ಳಬಹುದು.

ನಾನು ಸೇರಿದ ಮೊದಲ ವರ್ಷ ನಮ್ಮ ಗಾರ್ಡ್ (ಮುಂಚೂಣಿಯಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಆಟಗಾರ) ಗಾಯಗೊಂಡಿದ್ದರು. ಮುಂದಿನ ವರ್ಷದ ಎರಡನೆಯ ಸುತ್ತಿನ ಸರದಿಯನ್ನು ಕೊಟ್ಟು ಆ ವರ್ಷದ ಮೂರನೆಯ ಸುತ್ತಿನ ಸರದಿಯನ್ನು ಪಡೆದು, ಅದರಲ್ಲಿ ಹೊಸ ಗಾರ್ಡ್‌ನನ್ನು ತರುವ ಪ್ರಸ್ತಾಪ ಬಂದಾಗ ನಾನು ಅದನ್ನು ಸಮರ್ಥಿಸಿದೆ. ಏಕೆಂದರೆ ನಾನು ಸಿದ್ಧಪಡಿಸಿದ್ದ ಲೆಕ್ಕ ಹೊಸ ಆಟಗಾರನ ಮೊದಲ ಋತುವನ್ನು ಮಾತ್ರ ಅಳೆಯುತ್ತಿತ್ತು. ಗಾಯಗೊಂಡವರು ಸೆಪ್ಟೆಂಬರ್‌ಗೆ ಮೊದಲೇ ಚೇತರಿಸಿಕೊಂಡರು. ಆ ಋತುವಿನಲ್ಲಿ ನಾವು ಸೋತದ್ದೇ ಹೆಚ್ಚಾದುದರಿಂದ, ಬಿಟ್ಟುಕೊಟ್ಟ ಸರದಿಯು ಎರಡನೆಯ ಸುತ್ತಿನ ಆರಂಭಕ್ಕೇ ಏರಿತು. ತಂಡಕ್ಕೆ ಅದು ಅತ್ಯಂತ ಅಗತ್ಯವಾಗಿದ್ದ ವರ್ಷವೇ ಅದು ನಮ್ಮ ಕೈಯಲ್ಲಿರಲಿಲ್ಲ.

ಇಂಥ ವಿನಿಮಯಗಳನ್ನು ಸಂಶೋಧಕರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ತಮ್ಮ 2013ರ ಅಧ್ಯಯನದಲ್ಲಿ ಪರಿಶೀಲಿಸಿದ್ದಾರೆ. ಅವರ ಲೆಕ್ಕದ ಪ್ರಕಾರ, ಸಾಲದ ಭಾಷೆಯಲ್ಲಿ ಹೇಳುವುದಾದರೆ, ತಂಡಗಳು ಇದಕ್ಕೆ ವರ್ಷಕ್ಕೆ ಶೇ 136ರಷ್ಟು ಬಡ್ಡಿ ತೆರುತ್ತವೆ. ಕೋಚ್ ಮತ್ತು ಜನರಲ್ ಮ್ಯಾನೇಜರ್ ಮುಂದಿನ ವರ್ಷವೂ ಅದೇ ಕುರ್ಚಿಯಲ್ಲಿರುತ್ತಾರೆಂಬ ಭರವಸೆ ಇಲ್ಲದಿರುವುದೇ ಇದಕ್ಕೆ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ. ಅದಕ್ಕಾಗಿ ಅವರನ್ನು ದೂರಲಾರೆ.

ಭವಿಷ್ಯದ ಸರದಿಯನ್ನು ಕೊಡುವುದೇ ತಪ್ಪೆಂದು ಕೆಲಕಾಲ ನಂಬಿದ್ದೆ. ಅದೂ ಸರಿಯಲ್ಲ. 2017ರಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡವು 2018ರ ಮೊದಲ ಸುತ್ತಿನ ಸರದಿಯನ್ನೂ ಸೇರಿಸಿ ಕೊಟ್ಟು, 27ನೆಯ ಸ್ಥಾನದಿಂದ 10ಕ್ಕೆ ಏರಿ ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ಆರಿಸಿತು. ಅದೇ ಸ್ಥಾನದಲ್ಲಿ ಆಡುವ ಅನುಭವಿ ಅಲೆಕ್ಸ್ ಸ್ಮಿತ್ ತಂಡದಲ್ಲಿದ್ದುದರಿಂದ ಮಹೋಮ್ಸ್ ಆ ಋತುವಿನಲ್ಲಿ ಒಂದೇ ಪಂದ್ಯದಲ್ಲಿ ಆರಂಭದಿಂದ ಆಡಿದರು. ಮರುವರ್ಷ ಇಡೀ ಲೀಗಿನ ಅತ್ಯಮೂಲ್ಯ ಆಟಗಾರರಾದರು. ನನ್ನ ಹಳೆಯ ಲೆಕ್ಕ ಆ ಆಯ್ಕೆಗೆ ಶೂನ್ಯಕ್ಕೆ ಹತ್ತಿರದ ಅಂಕ ಕೊಡುತ್ತಿತ್ತು. ಅವರೂ ಭವಿಷ್ಯವನ್ನು ಕೊಟ್ಟಿದ್ದರು, ಆದರೆ ಕೊಂಡದ್ದೂ ಭವಿಷ್ಯವನ್ನೇ. ನಾವು ಕೊಂಡದ್ದು ನಾಲ್ಕು ತಿಂಗಳ ಆತಂಕಕ್ಕೆ ಪರಿಹಾರ.

ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಒಪ್ಪಂದದ ನಂತರ ಡ್ರಾಫ್ಟ್ ಆದ ಆಟಗಾರರ ಮೊದಲ ಕರಾರು ನಾಲ್ಕು ವರ್ಷದ್ದು. ಮೊದಲ ಸುತ್ತಿನವರಿಗೆ ಐದನೆಯ ವರ್ಷವನ್ನು ಸೇರಿಸುವ ಹಕ್ಕು ತಂಡಕ್ಕಿದೆ. ಆದ್ದರಿಂದ ಈಗ ನಮ್ಮ ಪಟ್ಟಿಯಲ್ಲಿ ಎರಡರಿಂದ ನಾಲ್ಕನೆಯ ವರ್ಷಗಳಿಗೆ ಹೆಚ್ಚು ತೂಕವಿದೆ, ಮತ್ತು ಪ್ರತಿ ಸ್ಥಾನದ ಎದುರು ಹಾಲಿ ಆಟಗಾರನ ಕರಾರು ಮುಗಿಯುವ ವರ್ಷವನ್ನು ಬರೆದಿರುತ್ತೇವೆ. ಮುಂದಿನ ವರ್ಷದ ಸರದಿಗೆ ಬೆಲೆ ಕಟ್ಟುವಾಗ, ನಮ್ಮ ತಂಡ ಕೊನೆಯ ಸ್ಥಾನಕ್ಕೆ ಕುಸಿದರೆ ಅದರ ಬೆಲೆ ಎಷ್ಟಾಗಬಹುದೆಂಬುದನ್ನು ಕೆಂಪು ಶಾಯಿಯಲ್ಲಿ ಪಕ್ಕದಲ್ಲೇ ನಮೂದಿಸುತ್ತೇನೆ.